ಹಗ್ಗದ ಆ ತುದಿ

ಜೂನ್ 9

ಕೋಡಂಗಿ ಮಹಾಶಯರಿಗೆ,

ಕ್ರೀಡಾ ಹಾಸ್ಟೆಲಿಗೆ ಬಂದು ಮುಟ್ಟಿದೀನಿ, ಬದುಕಿದೀನಿ. ನಿನ್ನೆ ಫೋನ್ ಮಾಡಿದಾಗ ನೀನು "ಊಟ ಆಯ್ತಾ" ಅಂದೆ, ನಾನು "ಆಯ್ತು" ಅಂದೆ, ಆಮೇಲೆ ಇಬ್ರೂ ಉಸಿರು ಬಿಡ್ತಾ ನಿಂತ್ವಿ. ಗಂಡ ಹೆಂಡ್ತಿ ಮಾತಾಡೋ ರೀತಿನಾ ಅದು? ಅದಕ್ಕೇ ಇನ್ಮೇಲೆ ಕಾಗದ. ಇಲ್ಲಿ ಹೇಗೂ ವಾರವಿಡೀ ಫೋನ್‌ಗಳನ್ನ ಆಫೀಸಿನ ಬೀರುವಲ್ಲಿಟ್ಟು ಬೀಗ ಹಾಕ್ತಾರೆ, ಮಕ್ಕಳದ್ದೂ, ನಮ್ಮದೂ.

ಕಬ್ಬಿಣದ ಮಂಚ, ಒಂದು ಮೇಜು, ಕಿಟಕಿ ತೆಗೆದ್ರೆ ನೇರ ಓಟದ ಟ್ರ್ಯಾಕು. ಒಂದು ವರ್ಷಕ್ಕೆ ಸಾಕು. ಆದ್ರೆ ಮಕ್ಕಳನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ ಕಣೋ. ಬೆಳಿಗ್ಗೆ ಮೈದಾನಕ್ಕೆ ಬರೋದು ಚುಚ್ಚುಮದ್ದಿಗೆ ಸಾಲು ನಿಲ್ಲೋಕೆ ಬಂದ ಹಾಗೆ. ಊರೂರಲ್ಲಿ ಹುಡುಕಿ ಆರಿಸಿ ತಂದ ಓಟಗಾರರು ಇವರು! ಇಲ್ಲಿನ ಮುಖ್ಯ ತರಬೇತುದಾರರನ್ನ ಎಲ್ಲರೂ ದೊಡ್ಡ ಮೇಷ್ಟ್ರು ಅಂತಾರೆ. ತಡವಾಗಿ ಬಂದ್ಯಾ, ಎರಡು ಸುತ್ತು ಓಡು. ಮಾತಾಡಿದ್ಯಾ, ಎರಡು ಸುತ್ತು ಓಡು. ಹಾಸಿಗೆ ಮಡಚಿಲ್ವಾ, ಓಡು. ಓಡೋದನ್ನೇ ಶಿಕ್ಷೆ ಮಾಡಿಟ್ಟು, ಆಮೇಲೆ ಓಡೋಕೆ ಯಾಕೆ ಮನಸ್ಸಿಲ್ಲ ಅಂತ ಬೈತಾರೆ. ಈಗಾಗಲೇ ಕೆಲವರು ಗಂಟು ಮೂಟೆ ಕಟ್ಟಿ ಮನೆಗೆ ಹೋಗಿದಾರೆ. ಇನ್ನೊಬ್ಬಳು ಹೋಗೋ ಹಾಗೆ ಕಾಣ್ತಾಳೆ, ಹರ್ಡಲ್ಸ್ ಹುಡುಗಿ, ಎಲ್ಲರೂ ಗುಬ್ಬಿ ಅಂತ ಕರೀತಾರೆ. ಎತ್ತರದ ಅಡ್ಡಪಟ್ಟಿ ಕಂಡ ತಕ್ಷಣ ಅವಳಿಗೆ ಹೊಟ್ಟೆನೋವು.

ಈ ಮಕ್ಕಳ ಕಾಲಿಗೆ ಏನು ಬೇಕು ಅಂತ ನಂಗೆ ಗೊತ್ತು. ಅವರ ಮುಖಕ್ಕೆ ಏನು ಬೇಕು ಅಂತ ಗೊತ್ತಿರೋದು ನಿಂಗೆ. ಭಾನುವಾರ ಬೆಳಿಗ್ಗೆ ನಮ್ಮ ಮೈದಾನಕ್ಕೆ ಮಕ್ಕಳು ಹಲ್ಲೂ ಉಜ್ಜದೆ ಓಡಿ ಬರ್ತಿದ್ರಲ್ಲ, ಅದು ನನ್ನ ಸೀಟಿ ಕೇಳಿ ಅಲ್ಲ. ನಿನ್ನ ಆಟಗಳನ್ನ ಬರೆದು ಕಳಿಸು. ಬೇಗ.

ಅಂದ ಹಾಗೆ, ಬಸ್ ಹೊರಡೋ ಹೊತ್ತಿಗೆ ನೀರಿನ ಬಾಟಲಿ ತರ್ತೀನಿ ಅಂತ ಹೋದೋನು ಪತ್ತೆನೇ ಇಲ್ವಲ್ಲ! ಒಣಗಿದ ಗಂಟಲಲ್ಲೇ ಬಂದೆ.

ಸೀಟಿ

---

ಜೂನ್ 17

ಸೀಟಿ ಮೇಡಂ ಅವರ ಸನ್ನಿಧಾನಕ್ಕೆ,

ಕೋಡಂಗಿ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲ ಆರಾಮ. ನಾನು ಆರಾಮ, ಸ್ನಾನದಮನೆ ನಲ್ಲಿ ಆರಾಮ, ಮೊದಲಿನ ಹಾಗೇ ಸೋರ್ತಿದೆ. ನೀನು ನೆಟ್ಟ ಗಿಡಗಳಿಗೆ ನೀರು ಹಾಕ್ತಿದೀನಿ, ಜಾಸ್ತಿನೇ ಹಾಕಿದೀನಿ ಅನ್ಸತ್ತೆ, ಒಂದು ಕೊಳೀತು. ಕೆಳಗಡೆ ಮನೆಯಿಂದ ಅಕ್ಕ ದಿನಾ ಹತ್ತಿ ಬಂದು "ಹೆಂಡ್ತಿನ ಕಳಿಸ್ಬಿಟ್ಟು ಹೇಗೋ ಸುಮ್ನೆ ಕೂತಿದೀಯಾ" ಅಂತ ತಲೆ ತಿಂತಾಳೆ. ನಾನು ಸುಮ್ನೆ ಎಲ್ಲಿ ಕೂತಿದೀನಿ? ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಕಪ್ಪೆ ಹಾರೋದು ಹೇಳಿಕೊಟ್ಟೆ, ಈಗ ಅವರು ಗಣಿತದ ಟೀಚರ್ ಹತ್ರಕ್ಕೂ ಹಾಗೇ ಹಾರ್ಕೊಂಡು ಹೋಗ್ತಾರಂತೆ. ಟೀಚರ್ ನನ್ನ ಕಂಡ್ರೆ ಮೂತಿ ತಿರುಗಿಸ್ತಾರೆ.

ಗುಬ್ಬಿಗೆ ಅಡ್ಡಪಟ್ಟಿ ತೋರಿಸ್ಲೇಬೇಡ. ಹಗ್ಗ ತಗೋ. ನಮ್ಮದೇ ಉದ್ದ ಹಗ್ಗದಾಟ, ಮರೆತಿಲ್ಲ ತಾನೇ? ಆ ಕಡೆ ಒಬ್ರು, ಈ ಕಡೆ ಒಬ್ರು ನಿಂತು ದೊಡ್ಡದಾಗಿ ತಿರುಗಿಸಿ. ಮೊದಲು ಹಗ್ಗದ ಕೆಳಗೆ ಓಡಿ ಆಚೆ ಹೋದ್ರೆ ಸಾಕು, ಹಾರೋದು ಬೇಡ. ಹಗ್ಗ ನೆಲಕ್ಕೆ ಬಡಿದ ಕೂಡ್ಲೇ ನುಗ್ಗಬೇಕು. ಆಮೇಲೆ ಒಳಗೆ ಒಂದೇ ಒಂದ್ಸಲ ಹಾರು, ಆಚೆ ಹೋಗು. ಮೆಲ್ಲಗೆ ಮಕ್ಕಳ ಕಾಲು ತಾನಾಗೇ ಸಮಯ ನೋಡ್ಕೊಂಡು ಏಳೋದು ಕಲಿಯತ್ತೆ. ಹರ್ಡಲ್ಸಿಗೂ ಅದೇ ತಾನೇ ಬೇಕಾಗಿರೋದು? ಹಗ್ಗ ತಾಗಿದೋರು ಔಟಲ್ಲ, ಒಂದು ಪ್ರಾಣಿ ಕೂಗು ಕೂಗಬೇಕು. ಮಕ್ಕಳು ಕೂಗೋಕೆ ಅಂತಾನೇ ತಾಗಿಸ್ಕೊಳ್ತಾರೆ, ಬೈಬೇಡ.

ಇತಿ ಕೋಡಂಗಿ

---

ಜೂನ್ 26

ಬುದ್ಧಿವಂತನಿಗೆ,

ಆ ಕಡೆ ಒಬ್ರು, ಈ ಕಡೆ ಒಬ್ರು ಅಂತ ಬರೆದಿದೀಯ. ಈ ಕಡೆ ನಾನು. ಆ ಕಡೆ ಯಾರು, ನಿಮ್ಮಕ್ಕ ಬರ್ತಾರಾ? ದೊಡ್ಡ ಮೇಷ್ಟ್ರನ್ನ ಕೇಳಿದೆ, "ನಾವಿಲ್ಲಿ ಸರ್ಕಸ್ ನಡೆಸ್ತಿಲ್ಲಮ್ಮ" ಅಂದ್ರು. ಈಜು ಕಲಿಸೋರು ಕೈನೋವು ಅಂದ್ರು. ಮಕ್ಕಳ ಕೈಗೆ ಕೊಟ್ರೆ ಹಗ್ಗ ಹಾವಿನ ಹಾಗೆ ನೆಲದ ಮೇಲೆ ಹರಿದಾಡತ್ತೆ, ಮೇಲೇಳಲ್ಲ. ಒಬ್ಬರೇ ಆಡಿಸೋ ಆಟ ಕಳಿಸು ಮಾರಾಯ.

ಗುಬ್ಬಿ ಇವತ್ತೂ ಹೊಟ್ಟೆ ಹಿಡ್ಕೊಂಡು ಕೂತಿದ್ಲು. ಪಕ್ಕ ಹೋಗಿ ಕೂತೆ. "ಮೇಡಂ, ನಿಮ್ಗೂ ಮನೆ ನೆನಪಾಗತ್ತಾ?" ಅಂದ್ಲು. ಆಗಲ್ಲ ಅಂದೆ. ಅವಳು ನಂಬಿದ ಹಾಗೆ ಕಾಣ್ಲಿಲ್ಲ.

ಸೀಟಿ

---

ಜುಲೈ 4

ಸೀಟಿ,

ಒಬ್ಬರೇ ಆಡಿಸೋ ಆಟ ತಾನೇ? ತಗೋ. ಹಳೇ ಹೊದಿಕೆ ಒಂದನ್ನ ಇಬ್ರು ನಾಲ್ಕು ಮೂಲೆ ಹಿಡ್ಕೊಂಡು ಮೇಲಕ್ಕೆ ಎಗರಿಸ್ಬೇಕು. ಅದು ಕೆಳಗಿಳಿಯೋದರೊಳಗೆ ಮಕ್ಕಳು ಅಡಿಯಲ್ಲಿ ಓಡಿ ಆಚೆ ಬಿದ್ದಿರಬೇಕು. ವೇಗಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಇನ್ನೊಂದು, ರೈಲು ಗೇಟು. ಇಬ್ರು ಎದುರುಬದುರು ನಿಂತು ಕೈ ಚಾಚಿ ಗೇಟು ಹಾಕೋದು ತೆಗೆಯೋದು ಮಾಡಬೇಕು, ಮಕ್ಕಳು ರೈಲು. ತಟ್ಟನೆ ನಿಲ್ಲೋದು ತಟ್ಟನೆ ಹೊರಡೋದು ಎರಡೂ ಬರತ್ತೆ.

ಮೊನ್ನೆ ಭಾನುವಾರ ಮೈದಾನಕ್ಕೆ ಹೋಗಿದ್ದೆ. ಮಕ್ಕಳು ಬಂದಿದ್ರು. ಎಲ್ಲ ಚೆನ್ನಾಗಾಯ್ತು. ನಿನ್ನ ಕೇಳಿದ್ರು, ಬರ್ತಾರೆ ಅಂದೆ.

ಕೋಡಂಗಿ

---

ಜುಲೈ 15

ಅಯ್ಯೋ ದೇವರೇ!

ನಿಂಗೆ ತಲೆ ನೆಟ್ಟಗಿದೆಯಾ? ಹೊದಿಕೆಗೂ ಇಬ್ರು, ಗೇಟಿಗೂ ಇಬ್ರು! ಬೇಕಂತಲೇ ಹಂಗಿಸ್ತಿದೀಯಾ? ನಾನಿಲ್ಲಿ ಒಬ್ಬಳೇ ಇದೀನಿ ಅಂತ ನಂಗೇ ಬಿಡಿಸಿ ಹೇಳ್ಬೇಕಾ?

ಸಿಟ್ಟಲ್ಲೇ ಹೋಗಿ ಹಗ್ಗದ ಒಂದು ತುದೀನ ಮೈದಾನದ ಅಂಚಿನ ದೀಪದ ಕಂಬಕ್ಕೆ ಕಟ್ಟಿದೆ. ಇನ್ನೊಂದು ತುದಿ ಹಿಡಿದು ತಿರುಗಿಸಿದೆ. ಏನಾಯ್ತು ಗೊತ್ತಾ, ಓಡಿತು ಆಟ! ನಮ್ಮ ಹಗ್ಗದ ಥರ ಅಲ್ಲ, ಕಂಬ ಹಿಡ್ಕೊಳ್ಳತ್ತೆ ಅಷ್ಟೇ, ತಿರುಗಿಸಲ್ಲ. ನನ್ನ ಕೈ ಸೋತ್ರೆ ಅದಕ್ಕೆ ಗೊತ್ತಾಗಲ್ಲ. ನಿಂಗೆ ಹೇಳದೇನೇ ಗೊತ್ತಾಗ್ತಿತ್ತು, ಒಂಚೂರು ನಿಧಾನ ಮಾಡ್ತಿದ್ದೆ. ಆದ್ರೂ ಮಕ್ಕಳು ನುಗ್ಗಿದ್ರು. ಒಬ್ಬ ತಾಗಿಸ್ಕೊಂಡು ಕತ್ತೆ ಹಾಗೆ ಕೂಗಿದ. ಎಲ್ಲರೂ ದೊಡ್ಡ ಮೇಷ್ಟ್ರು ಎಲ್ಲಿದಾರೆ ಅಂತ ಸುತ್ತ ನೋಡಿದ್ರು. ಆಮೇಲೆ ಶುರುವಾಯ್ತು ನೋಡು ನಗು, ಬಿದ್ದು ಬಿದ್ದು ನಕ್ರು. ಗುಬ್ಬಿ ದೂರದಲ್ಲೇ ಹೊಟ್ಟೆ ಹಿಡ್ಕೊಂಡು ಕೂತಿದ್ದೋಳು ಯಾವಾಗ ಎದ್ದು ಬಂದು ಸಾಲಲ್ಲಿ ನಿಂತಳೋ ನಂಗೇ ಗೊತ್ತಾಗ್ಲಿಲ್ಲ. "ಇನ್ನೊಂದ್ಸಲ ಮೇಡಂ" ಅಂದ್ಲು. ಆ ಮಾತು ಕೇಳೋಕೆ ತಾನೇ ನಾವು ಈ ಕೆಲಸಕ್ಕೆ ಬಂದಿರೋದು.

ಈಗ ಆ ಕಂಬಕ್ಕೆ ಗೋಣಿಚೀಲ ತೊಡಿಸಿ, ಇದ್ದಿಲಲ್ಲಿ ಮೂಗು ಬಾಯಿ ಬರೆದು, "ಸುಮ್ನಿರೋ ಸಾರ್" ಅಂತ ಹೆಸರಿಟ್ಟಿದಾರೆ. ಬೆಳಿಗ್ಗೆ ಬಂದ ತಕ್ಷಣ ಅದಕ್ಕೆ ಗುಡ್ ಮಾರ್ನಿಂಗ್. ಗೋಣಿಚೀಲ ಚುಚ್ಚತ್ತೆ ಪಾಪ ಅಂತ ಕನಿಕರ ಬೇರೆ. ಅದಕ್ಕೇ ನಿನ್ನ ಹಳೇ ನೀಲಿ ಜಾಕೆಟ್ಟು ಕಳಿಸ್ತೀಯಾ, ಮೈದಾನಕ್ಕೆ ಹಾಕ್ಕೊಂಡು ಬರ್ತಿದ್ಯಲ್ಲ, ಅದು? ಕಂಬಕ್ಕೆ ಹಾಕೋಕೆ. ಒಗೆಯೋದೇನೂ ಬೇಡ, ಹಾಗೇ ಕಳಿಸು.

ಸೀಟಿ

---

ಜುಲೈ 24

ಸೀಟಿ,

ಜಾಕೆಟ್ಟು ಕಳಿಸಿದೀನಿ. ಮೇಲಿನಿಂದ ಎರಡನೇ ಗುಂಡಿ ಇಲ್ಲ, ನಿಂಗೆ ಗೊತ್ತೇ ಇದೆ, ನೀನೇ ಹಾಕಿ ಕೊಡ್ತೀನಿ ಅಂದಿದ್ದೆ. ಇರ್ಲಿ, ಕಂಬಕ್ಕೆ ಚಳಿ ಆಗಲ್ಲ.

ಆಟ ಓಡ್ತಿದೆ ಅಂತ ಕೇಳಿ ಸಂತೋಷ ಆಯ್ತು. ನೋಡು, ಒಂದು ಕಂಬದಿಂದ ಆಗೋ ಕೆಲಸಕ್ಕೆ ನಾನು ಇಷ್ಟು ವರ್ಷ ಕೈ ನೋಯಿಸ್ಕೊಂಡೆ.

ಶಾಲೆಯಲ್ಲಿ ಕೆಲಸ ಜಾಸ್ತಿ. ಕಾಗದ ತಡ ಆದ್ರೆ ಬೇಜಾರು ಮಾಡ್ಕೋಬೇಡ.

ಕೋಡಂಗಿ

---

ಆಗಸ್ಟ್ 12

ಏನೋ, ಎಲ್ಲಿ ಮಾಯವಾದೆ?

ಟಪಾಲಿನೋರು ಬರೋ ಹೊತ್ತಿಗೆ ದಿನಾ ಏನಾದ್ರೂ ನೆಪ ಮಾಡ್ಕೊಂಡು ಆಫೀಸಿಗೆ ಹೋಗಿ, ಗುಮಾಸ್ತರ ಹತ್ರ ನಗೆಪಾಟಲಾಗಿದೀನಿ. ಜಾಕೆಟ್ಟು ಬಂತು, ಜೊತೆಗೆ ನಾಲ್ಕು ಸಾಲು, ಆಮೇಲೆ ಏನೂ ಇಲ್ಲ. ಸುಮ್ನಿರೋ ಸಾರ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಗುಬ್ಬಿ ಈಗ ಹರ್ಡಲ್ಸ್ ದಾಟ್ತಾಳೆ. ಹೇಗೆ ಅಂದ್ರೆ, ಅಡ್ಡಪಟ್ಟಿ ಪಕ್ಕ ನಾನು ನಿಂತು ಚಪ್ಪಾಳೆ ಹೊಡೀಬೇಕು, ಹಗ್ಗ ನೆಲಕ್ಕೆ ಬಡಿಯೋ ಲೆಕ್ಕದಲ್ಲಿ. ಕಣ್ಣು ಮುಚ್ಚಿದ್ರೂ ದಾಟ್ತೀನಿ ಅಂತಾಳೆ, ಜಂಭದ ಕೋಳಿ! ನನ್ನ ಗುಂಪಿಗೆ ಸುತ್ತು ಓಡೋ ಶಿಕ್ಷೆ ನಿಲ್ಲಿಸ್ಬಿಟ್ಟೆ. ಈಗ ತಪ್ಪು ಮಾಡಿದೋರು ಒಂದು ಸುತ್ತು ಓಡೋ ಹಾಗಿಲ್ಲ, ಕೂತು ಬೇರೆಯೋರು ಓಡೋದನ್ನ ನೋಡ್ಬೇಕು. ಗೋಳಾಡ್ತಾರೆ ಕಣೋ, "ಮೇಡಂ ಪ್ಲೀಸ್, ಓಡ್ತೀನಿ ಮೇಡಂ" ಅಂತ. ದೊಡ್ಡ ಮೇಷ್ಟ್ರು ಇದನ್ನ ಕೇಳಿಸ್ಕೊಂಡು ಮೈದಾನದ ಅಂಚಿಗೇ ಬಂದು ನೋಡಿದ್ರು.

ಈಗ ಅಸಲು ವಿಷಯ. ಅವರು ನನ್ನ ಕರೆದು, ವರ್ಷ ಮುಗಿದ ಮೇಲೂ ಇಲ್ಲೇ ಇರಿ, ಕೆಲಸ ಕಾಯಂ ಮಾಡ್ತೀವಿ ಅಂದ್ರು. ಸೆಪ್ಟೆಂಬರ್ ಕೊನೆಯೊಳಗೆ ಹೇಳ್ಬೇಕು. ಈ ಮಕ್ಕಳನ್ನ ಬಿಟ್ಟು ಬರೋಕೆ ನಂಗೆ ಮನಸ್ಸಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಒಪ್ಕೊಂಡ್ರೆ ನಮ್ಮ ಗತಿ?

ನಿಂಗೇನು ಅನ್ಸತ್ತೆ? ತಮಾಷೆ ಬೇಡ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೂ ಬೇಡ. ನೇರವಾಗಿ ಹೇಳು.

ಸೀಟಿ

---

ಆಗಸ್ಟ್ 30

ಪ್ರಿಯ ಮೇಡಂ,

ಒಳ್ಳೆ ಅವಕಾಶ. ಎಲ್ಲರಿಗೂ ಸಿಗಲ್ಲ. ನಿಮ್ಮಂಥವರು ಅಂಥ ಕಡೆಯೇ ಇರಬೇಕು. ಒಪ್ಕೊಳ್ಳಿ.

ನನ್ನ ಬಗ್ಗೆ ಯೋಚನೆ ಮಾಡಬೇಡಿ. ಇಲ್ಲಿ ಎಲ್ಲ ರೂಢಿಯಾಗಿದೆ. ಅಲ್ಲಿ ಹಗ್ಗ ಹಿಡಿಯೋಕೂ ಜನ ಇದಾರಲ್ಲ.

ಇತಿ
ಸುಮ್ನಿರೋ ಸಾರ್

---

ಸೆಪ್ಟೆಂಬರ್ 8

ಸರಿ.

ಏನೋ ಹೇಳ್ತೀಯ ಅಂದ್ಕೊಂಡಿದ್ದೆ. ಬಸ್ ಸ್ಟ್ಯಾಂಡಲ್ಲೂ ಹಾಗೇ ಅಂದ್ಕೊಂಡಿದ್ದೆ, ಹೋಗ್ಬೇಡ ಅಂತೀಯ, ಇಲ್ಲಾ ನಾನೂ ಬರ್ತೀನಿ ಅಂತೀಯ ಅಂತ. ನೀನು ನೀರು ತರೋಕೆ ಹೋದೆ. ಈಗ 'ನೀವು' ಅಂತಿದೀಯ. ಹೆಂಡ್ತಿಗೆ ಬರೆದ ಕಾಗದಾನಾ ಅದು? ನಮ್ಮ ಆಫೀಸಿನ ಗುಮಾಸ್ತರು ಇದಕ್ಕಿಂತ ಸಲಿಗೆಯಿಂದ ಬರೀತಾರೆ. ಓದಿ ಅತ್ತುಬಿಟ್ಟೆ. ಇಲ್ಲಿ ಅಳೋಕೂ ಜಾಗ ಇಲ್ಲ, ಕಿಟಕಿ ತುಂಬ ಮಕ್ಕಳು.

ಈ ತಿಂಗಳ ಕೊನೆಗೆ ಸಹಿ ಹಾಕ್ತೀನಿ.

ಮಕ್ಕಳು ಚಿತ್ರ ಬರೆದು ಕೊಟ್ಟಿದಾರೆ, 'ಆಟ ಕಳಿಸೋ ಅಂಕಲ್‌ಗೆ' ಅಂತ. ಸುರುಳಿ ಸುತ್ತಿ ದಾರ ಕಟ್ಟಿ, ಬಿಚ್ಚಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ಹಾಗೇ ಕಳಿಸ್ತಿದೀನಿ.

---

ಸೆಪ್ಟೆಂಬರ್ 14

ಸೀಟಿ, ನನ್ನ ಸೀಟಿ,

ಚಿತ್ರಗಳನ್ನ ಅಡುಗೆಮನೆ ನೆಲದ ಮೇಲೆಲ್ಲ ಹರಡ್ಕೊಂಡು ಕೂತಿದೀನಿ. ಕಾಲಿಡೋಕೆ ಜಾಗ ಇಲ್ಲ. ಅಕ್ಕ ಬಂದು ನೋಡಿ, ಇವನಿಗೇನೋ ಆಗಿದೆ ಅಂತ ಬಾಗಿಲಿಂದಲೇ ವಾಪಸ್ ಹೋದ್ಲು.

ಎಲ್ಲ ಚಿತ್ರದಲ್ಲೂ ಕಂಬ ಇದೆ. ಹಲ್ಲು ಕಿರಿದಿದೆ. ಒಂದರಲ್ಲಿ ಮೀಸೆನೂ ಇದೆ. ಮೈಮೇಲೆ ಗೋಣಿಚೀಲ. ಒಂದರಲ್ಲೂ ಜಾಕೆಟ್ಟಿಲ್ಲ.

ಜಾಕೆಟ್ಟು ನಿನ್ನ ಮೈಮೇಲಿದೆ. ತೋಳು ಮಂಡಿ ತನಕ ಜೋತಾಡ್ತಿದೆ. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ ಹಾಗೇ ಬರೆದಿದಾರೆ. ಗುಬ್ಬಿ ಅಂತ ಹೆಸರು ಹಾಕಿರೋ ಚಿತ್ರದಲ್ಲಿ ಗುಂಡಿಗಳೂ ಇವೆ, ಮೇಲಿನಿಂದ ಎರಡನೇದು ಇಲ್ಲ. ತಲೆ ಮೇಲೆ ಇಷ್ಟು ದೊಡ್ಡ ಸೂರ್ಯ ಬೇರೆ! ಆ ಬಿಸಿಲಲ್ಲಿ ಯಾಕೆ ಹಾಕ್ಕೊಂಡಿದ್ಯೇ? ಸುಳ್ಳಿ! ಕಂಬಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂದ್ಯಲ್ಲ!

ನಾನು ಎಂಥ ಪೆದ್ದ. ಕಂಬದ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಕಣೇ. ದೀಪದ ಕಂಬದ ಮೇಲೆ! ನನ್ನ ಹೆಂಡ್ತಿಗೆ ನನ್ನ ಜಾಗದಲ್ಲಿ ಒಂದು ಕಂಬ ಸಾಕಾಯ್ತು, ಅದಕ್ಕೆ ನನ್ನ ಬಟ್ಟೆನೂ ಹಾಕ್ತಾಳೆ ಅಂತ ಮುಖ ಊದಿಸ್ಕೊಂಡು ಕೂತೆ.

ನೀನು ನೇರವಾಗಿ ಹೇಳು ಅಂದೆ, ಹೇಳ್ತೀನಿ. ಎಲ್ಲ ಆರಾಮ ಅಂತ ಬರೆದಿದ್ದೆಲ್ಲ ಬೂಸಿ. ಭಾನುವಾರ ಮೈದಾನಕ್ಕೆ ಹೋಗ್ತೀನಿ, ಹಗ್ಗ ಒಯ್ಯಲ್ಲ. ಮಕ್ಕಳು ಹಗ್ಗ ಎಲ್ಲಿ ಅಂತಾರೆ, ಇಲಿ ಕಡೀತು ಅಂತೀನಿ. ಅದು ಅಟ್ಟದ ಮೇಲೆ ಚೆನ್ನಾಗಿಯೇ ಇದೆ. ತೆಗೆಯೋಕೆ ಆಗ್ತಿಲ್ಲ. ನೀನು ಒಬ್ಬರ ಆಟ ಕೇಳಿದಾಗೆಲ್ಲ ನಿಜವಾಗಿ ಯೋಚನೆ ಮಾಡಿದೆ, ನಿನ್ನಾಣೆ. ಮೈದಾನ ಕಣ್ಣ ಮುಂದೆ ತಂದ್ಕೊಂಡ್ರೆ ನೀನೂ ಬರ್ತಿದ್ದೆ, ಅಲ್ಲಿ ಇಬ್ರು ಆಗ್ಬಿಡ್ತಿತ್ತು. ಹಂಗಿಸಿದ್ದಲ್ಲ. ನಂಗೆ ಬೇರೆ ಥರ ಆಟ ಹುಟ್ಟಲೇ ಇಲ್ಲ.

ಬಸ್ ಹೊರಟಾಗ ನಾನು ಅಂಗಡಿ ಹಿಂದೆ ಬಾಟಲಿ ಹಿಡ್ಕೊಂಡು ನಿಂತಿದ್ದೆ. ಎದುರಿಗೆ ಬಂದಿದ್ರೆ ಹೋಗ್ಬೇಡ ಅಂದ್ಬಿಡ್ತಿದ್ದೆ. ನೀನು ಉಳಿದ್ಬಿಡ್ತಿದ್ದೆ. ಆಮೇಲೆ ಇಬ್ರಿಗೂ ಜೀವಮಾನವಿಡೀ ಕೊರಗು. ಅದಕ್ಕೇ ಬಾಯಿ ಮುಚ್ಕೊಂಡೆ, ದೊಡ್ಡ ತ್ಯಾಗಿ ಹಾಗೆ. ಆ ಬಾಟಲಿ ಈಗಲೂ ಮೇಜಿನ ಮೇಲಿದೆ, ಮುಚ್ಚಳ ತೆಗೆದಿಲ್ಲ. ನಾನೂ ಬರ್ತೀನಿ ಅನ್ನೋಕೆ ಹೆದರಿಕೆ. ಕಪ್ಪೆ ಹಾರಿಸೋ ಪುಟಾಣಿ ಮಕ್ಕಳ ಮೇಷ್ಟ್ರು ನಾನು, ಆ ನಿಜವಾದ ಓಟಗಾರರ ಮಧ್ಯೆ ಬಂದು ಏನು ಮಾಡ್ಲಿ?

ಸಹಿ ಹಾಕು, ಸೀಟಿ. ಹೋಗ್ಬೇಡ ಅಂತ ಈಗಲೂ ಅನ್ನಲ್ಲ. ಆದ್ರೆ ನಂಗೆ ನೀನು ಬೇಕು. ರೂಢಿಯಾಗಿಲ್ಲ, ಆಗೋದೂ ಇಲ್ಲ. ಮನೇಲಿ ಒಂದು ಲೋಟ ಕೆಳಗೆ ಬಿದ್ರೂ ನೀನು ಬೈತೀಯ ಅಂತ ಕಾಯ್ತೀನಿ.

ನಾನು ಬರ್ಲಾ? ನಮ್ಮ ಹೆಡ್ ಟೀಚರ್ ಹತ್ರ ಕೇಳಿದೆ. ವಾರ್ಷಿಕ ಪರೀಕ್ಷೆ ಮುಗಿಯೋವರೆಗೂ ಬಿಡಲ್ಲ ಅಂದ್ರು. ಅಲ್ಲಿಯವರೆಗೆ ತಡೆದುಕೊಳ್ತೀಯಾ?

ನಿನ್ನ ಕೋಡಂಗಿ

---

ಸೆಪ್ಟೆಂಬರ್ 21

ಕೋಡಂಗಿ,

ಸಿಕ್ಕಿಬಿದ್ದೆ. ಆ ಚಿಳ್ಳೆಪಿಳ್ಳೆಗಳಿಗೆ ಮಾಡ್ತೀನಿ ಇರು! ಜಾಕೆಟ್ಟಿನ ಪೊಟ್ಟಣ ಬಿಚ್ಚಿದಾಗ ಗೆರೆ ಹಾಕೋ ಸುಣ್ಣದ ವಾಸನೆ, ನಿನ್ನ ಬೆವರಿನ ವಾಸನೆ ಬಂತು. ಕಂಬಕ್ಕೆ ತೊಡಿಸೋಣ ಅಂತ ಮೈದಾನಕ್ಕೆ ಒಯ್ದೆ. ಮಕ್ಕಳು ಸಾಲಾಗಿ ನಿಂತಿದ್ರು. ಕೊಡೋಕೆ ಕೈ ಬರ್ಲಿಲ್ಲ. ಚಳಿ ಆಗ್ತಿದೆ ಅಂತ ನಾನೇ ಹಾಕ್ಕೊಂಡೆ, ಮಟಮಟ ಬಿಸಿಲಲ್ಲಿ. ಆವತ್ತಿಂದ ದಿನಾ ಚಳಿ. ಗುಂಡಿ ಬೇಕಂತಲೇ ಹಾಕಿಲ್ಲ. ನಾನು ಹಾಕಿದ್ರೆ ಅದು ನೀನು ಬಿಟ್ಟ ಹಾಗೆ ಇರಲ್ಲ.

ನಿನ್ನ ಕಾಗದ ಓದಿ ನೇರ ದೊಡ್ಡ ಮೇಷ್ಟ್ರ ಹತ್ರ ಹೋದೆ. ಒಪ್ಕೋತೀನಿ, ಆದ್ರೆ ಮಕ್ಕಳಿಗೆ ಆಟ ಆಡಿಸೋಕೆ ಇನ್ನೊಬ್ಬರು ಬೇಕು, ಅಂಥೋರು ಒಬ್ರು ಇದಾರೆ ಅಂದೆ. "ಹಗ್ಗ ತಿರುಗಿಸೋಕೆ ಇನ್ನೊಬ್ಬರು ಯಾಕಮ್ಮ" ಅಂದ್ರು. ಬನ್ನಿ ಸಾರ್ ಅಂತ ಮೈದಾನಕ್ಕೆ ಕರ್ಕೊಂಡು ಹೋಗಿ, ಕಂಬದಿಂದ ಹಗ್ಗ ಬಿಚ್ಚಿ, ಆ ತುದಿ ಅವರ ಕೈಗೆ ಕೊಟ್ಟೆ. ಏನು ತಿರುಗಿಸಿದ್ರು ಅಂತೀಯಾ! ಗುಬ್ಬಿಯ ಕಾಲಿಗೆ ಬಡೀತು, ಇನ್ನೊಬ್ಬನ ಕಿವಿಗೆ ಬಡೀತು, ಆಮೇಲೆ ಅವರದೇ ಕಾಲಿಗೆ ಸುತ್ಕೊಂಡು ಧೊಪ್ ಅಂತ ಕೂತ್ರು. ಗುಬ್ಬಿ ಮೆಲ್ಲಗೆ ಹೇಳಿದ್ಲು, "ಸಾರ್, ತಾಗಿಸ್ಕೊಂಡೋರು ಪ್ರಾಣಿ ಕೂಗು ಕೂಗ್ಬೇಕು."

ಕೂಗಿದ್ರು ಕಣೋ. ಕೋಳಿ. ಚೆನ್ನಾಗೇ ಕೂಗಿದ್ರು.

ಆಮೇಲೆ ಮಣ್ಣು ಕೊಡವಿಕೊಂಡು ಎದ್ದು, "ಇದಕ್ಕೆ ತಿಳಿದೋರೇ ಬೇಕು, ಬರೋಕೆ ಹೇಳಿ" ಅಂದ್ರು. ಅಂದ್ಮೇಲೆ ನಿಜವಾದ ಓಟಗಾರರ ಮಧ್ಯೆ ನಿಂಗೇನು ಕೆಲಸ ಅಂತ ಇನ್ನು ಕೇಳ್ಬೇಡ. ಸಹಿ ಹಾಕಿದೀನಿ.

ಪರೀಕ್ಷೆ ಮುಗಿಯೋವರೆಗೂ ಅಂದ್ರೆ ತುಂಬ ದೂರ. ತಡೀತೀನಿ, ಆದ್ರೆ ಸಂತೋಷದಿಂದ ತಡೀತೀನಿ ಅಂತ ಹೇಳಲ್ಲ. ಸಂಜೆ ಮಕ್ಕಳು ಒಳಗೆ ಹೋದ್ಮೇಲೆ ಮೈದಾನ ಖಾಲಿಯಾಗತ್ತೆ, ಆ ಹೊತ್ತು ಕಳೆಯೋದೇ ಕಷ್ಟ. ಅಟ್ಟದಿಂದ ಹಗ್ಗ ಇಳಿಸಿ ಬಿಸಿಲಿಗೆ ಹಾಕು. ಅಲ್ಲಿನ ಮಕ್ಕಳ ಮುಂದೆ ಇಲಿ ಸುಳ್ಳು ಒಪ್ಕೊಂಡು, ಇರೋವರೆಗೂ ಆಡಿಸು. ಆ ಕಡೆ ಅಕ್ಕನ್ನ ನಿಲ್ಲಿಸು, ಸುಮ್ನೆ ಹತ್ತಿ ಇಳಿಯೋದರ ಬದಲು. ನೀರಿನ ಬಾಟಲಿನೂ ತಗೊಂಡು ಬಾ, ನಂಗಿನ್ನೂ ಬಾಯಾರಿಕೆ ಇದೆ.

ನಿನ್ನೆ ಹಗ್ಗಾನ ಮತ್ತೆ ಕಂಬಕ್ಕೆ ಕಟ್ಟುವಾಗ ಗುಬ್ಬಿ ಪಕ್ಕದಲ್ಲೇ ನಿಂತಿದ್ಲು. ಅವಳಿಗೆ ಕಂಬದ್ದೇ ಚಿಂತೆ. "ಮೇಡಂ, ಅಂಕಲ್ ಬಂದು ಹಗ್ಗ ಹಿಡಿದ್ರೆ ಪಾಪ ಸುಮ್ನಿರೋ ಸಾರ್ ಏನ್ ಮಾಡ್ತಾರೆ?" ಅಂದ್ಲು.

ಆಗ ಜಾಕೆಟ್ಟು ಸುಮ್ನಿರೋ ಸಾರ್ ಹಾಕ್ಕೊಳ್ತಾರೆ ಅಂದೆ.

ಸೀಟಿ